ಪಕ್ಕದಲ್ಲಿ ಮಗ್ಗ, ತಲೆ ಮೇಲೆ ಹೆಡ್‌ಸೆಟ್: ಮೈಕ್ ಹದಕ್ಕೆ ತಂದ ನನ್ನ ಅನುಭವ

ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ ಇಲ್ಲದ ಓಣಿ ಹುಡುಕುವುದು ಕಷ್ಟ. ನಮ್ಮ ಮನೆಯ ಎರಡೂ ಬದಿಗೆ ಪವರ್‌ಲೂಮ್ ಇವೆ. ಬೆಳಿಗ್ಗೆ ಶುರುವಾದರೆ ಕತ್ತಲಾಗುವವರೆಗೂ ಖಟ್ ಖಟ್ ನಡೆದೇ ಇರುತ್ತದೆ. ನಾನು ಅದೇ ಮನೆಯ ಒಂದು ಕೋಣೆಯಲ್ಲಿ ಕೂತು ಪಿಯು ಹುಡುಗರಿಗೆ ಆನ್‌ಲೈನ್‌ನಲ್ಲಿ ಅಕೌಂಟೆನ್ಸಿ ಹೇಳಿಕೊಡುತ್ತೇನೆ. ಮಗ್ಗ ನಿಲ್ಲಿಸಿ ಅಂತ ಯಾರಿಗೂ ಹೇಳುವ ಹಾಗಿಲ್ಲ, ಅದು ಅವರ ಹೊಟ್ಟೆಪಾಡು. ಏನು ಮಾಡಿದರೂ ನನ್ನ ಮೈಕ್‌ನಲ್ಲೇ ಮಾಡಬೇಕಿತ್ತು. ಹೆಡ್‌ಸೆಟ್ ಸಾದಾದ್ದು, ಲ್ಯಾಪ್‌ಟಾಪಿಗೆ ಒಂದೇ ಪಿನ್, ಬಾಯಿ ಹತ್ತಿರಕ್ಕೆ ಬಗ್ಗಿಸಬಹುದಾದ ಮೈಕ್ ಕಡ್ಡಿ ಇದೆ.

ಹುಡುಗರಿಂದ ಎರಡು ಥರದ ದೂರು ಬರುತ್ತಿತ್ತು. "ಸರ್, ನಿಮ್ಮ ದನಿ ಸಣ್ಣಗೆ ಕೇಳತೈತ್ರಿ" ಅಂತ ಕೆಲವರು. "ಮಗ್ಗದ ಸಪ್ಪಳಾನೇ ಜಾಸ್ತಿ ಕೇಳಸಾಕತ್ತೈತ್ರಿ" ಅಂತ ಇನ್ನು ಕೆಲವರು. ಈ ಎರಡೂ ಒಟ್ಟಿಗೆ ಇದ್ದಾಗ ಇನ್‌ಪುಟ್ ವಾಲ್ಯೂಮ್ (ಕಂಪ್ಯೂಟರಿನಲ್ಲಿ ಮೈಕ್ ಸದ್ದನ್ನು ಏರಿಸಿ ಇಳಿಸುವ ಸ್ಲೈಡರ್) ಏರಿಸಿ ಪ್ರಯೋಜನ ಇಲ್ಲ. ಆ ಸ್ಲೈಡರ್‌ಗೆ ದನಿ ಯಾವುದು, ಮಗ್ಗ ಯಾವುದು ಗೊತ್ತಾಗುವುದಿಲ್ಲ, ಎರಡನ್ನೂ ಒಂದೇ ಸಮ ಏರಿಸುತ್ತದೆ. ಮೈಕಿನ ಸ್ವಂತ ಸೆನ್ಸಿಟಿವಿಟಿ, ಅಂದರೆ ಸದ್ದನ್ನು ಹಿಡಿಯುವ ಸೂಕ್ಷ್ಮತೆ, ಅದು ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ಡಬ್ಬಿ ಮೇಲೆ ಮೈನಸ್ 42 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ), ಮೈನಸ್ 38 ಡಿಬಿ ಅಂತ ಬರೆದಿರುತ್ತಾರಲ್ವಾ, ಅದು (ಮೈನಸ್ 38 ಅಂದರೆ ಮೈನಸ್ 42ಕ್ಕಿಂತ ಹೆಚ್ಚು ಸೂಕ್ಷ್ಮ). ಕಂಪ್ಯೂಟರಿನಲ್ಲಿ ನಾವು ಬದಲಾಯಿಸುವುದು, ಮೈಕಿನಿಂದ ಬಂದದ್ದನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕು ಅನ್ನುವುದನ್ನಷ್ಟೇ.

ದನಿಯನ್ನು ಗದ್ದಲದಿಂದ ಬೇರೆ ಮಾಡಿಕೊಡುವುದು ಮೈಕ್ ಎಷ್ಟು ದೂರ ಇದೆ ಅನ್ನುವುದು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧಕ್ಕೆ ಇಳಿದರೆ ದನಿ ಸುಮಾರು 6 ಡಿಬಿ ಏರುತ್ತದೆ. ಹನ್ನೆರಡು ಸೆಂಟಿಮೀಟರ್ ದೂರ ಇದ್ದ ಮೈಕನ್ನು ಮೂರಕ್ಕೆ ತಂದರೆ ಸುಮಾರು 12 ಡಿಬಿ, ಅಂದರೆ ಸಿಗ್ನಲ್ ನಾಲ್ಕು ಪಟ್ಟು. ಮಗ್ಗ ಗೋಡೆಯಾಚೆ ಎಲ್ಲೋ ಇದೆ, ಅದಕ್ಕೆ ಈ ಕೆಲವು ಸೆಂಟಿಮೀಟರ್ ಲೆಕ್ಕಕ್ಕೇ ಇಲ್ಲ. ಈಗ ವಾಲ್ಯೂಮನ್ನು ಅದೇ 12 ಡಿಬಿ ಇಳಿಸಿದರೆ ನನ್ನ ದನಿ ಮೊದಲಿದ್ದಷ್ಟೇ ಇರುತ್ತದೆ, ಮಗ್ಗ ಮಾತ್ರ 12 ಡಿಬಿ ಕೆಳಗೆ ಹೋಗುತ್ತದೆ. ನನ್ನ ಇಡೀ ಕೆಲಸ ನಿಂತಿರುವುದು ಇದರ ಮೇಲೆಯೇ.

ಹಾಗಂತ ಮೈಕನ್ನು ಬಾಯಿಯ ನೇರ ಎದುರು ಇಡಬಾರದು. ಪ, ಫ, ಬ, ಭ ಬಂದಾಗಲೆಲ್ಲ ಉಸಿರು ಬಡಿದು ಧಪ್ ಅನ್ನುತ್ತದೆ. ನನ್ನ ವಿಷಯದಲ್ಲಂತೂ 'ಪಾಲುದಾರನ ಬಂಡವಾಳ ಖಾತೆ' ಅನ್ನದೆ ದಿನ ಕಳೆಯುವುದಿಲ್ಲ. ತುಟಿಯ ಅಂಚಿನ ಪಕ್ಕಕ್ಕೆ, ಎರಡು ಬೆರಳು ಜಾಗ ಬಿಟ್ಟು ಇಟ್ಟುಕೊಂಡೆ. ಮೇಲೊಂದು ಸ್ಪಂಜ್ ಟೋಪಿ ಹಾಕಿದೆ, ಫ್ಯಾನ್ ಗಾಳಿಗೂ ಅದು ಬೇಕು. ಕಡ್ಡಿಯ ತುದಿಯಲ್ಲಿ ಸಣ್ಣ ತೂತು ಇರುತ್ತದೆ, ಅದು ಬಾಯಿ ಕಡೆಗೇ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಕಡ್ಡಿ ತಿರುಗಿದ್ದರೆ ಎಷ್ಟು ಏರಿಸಿದರೂ ದನಿ ದೂರದಿಂದ ಬಂದಂತೆಯೇ ಇರುತ್ತದೆ.

ಆಮೇಲೆ ವಿಂಡೋಸ್ 11. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್. ಆ ಪುಟದ ಕೊನೆಯಲ್ಲಿ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಇದೆ. ಅದನ್ನು ಒತ್ತಿದರೆ ಹಳೇ ಕಾಲದ ಸಣ್ಣ ಕಿಟಕಿ ತೆರೆಯುತ್ತದೆ. ಅಲ್ಲಿ ರೆಕಾರ್ಡಿಂಗ್, ಮೈಕ್ ಮೇಲೆ ಡಬಲ್ ಕ್ಲಿಕ್, ಲೆವೆಲ್ಸ್. ಮೇಲೆ ಮೈಕ್ರೊಫೋನ್, ಕೆಳಗೆ ಮೈಕ್ರೊಫೋನ್ ಬೂಸ್ಟ್. ಗಮನ ಇಡಬೇಕಾದದ್ದು ಬೂಸ್ಟ್ ಮೇಲೆ. ಪ್ಲಸ್ 20 ಡಿಬಿ ಅಂದರೆ ಹತ್ತು ಪಟ್ಟು, ಪ್ಲಸ್ 30 ಅಂದರೆ ಮೂವತ್ತು ಪಟ್ಟಿಗೂ ಮೇಲೆ. ನನ್ನದು 20ರಲ್ಲಿತ್ತು. ಮೈಕ್ ಹತ್ತಿರ ಬಂದ ಮೇಲೆ 10 ಸಾಕಾಯಿತು, ಉಳಿದದ್ದನ್ನು ಮೇಲಿನ ಸ್ಲೈಡರ್‌ನಲ್ಲಿ ಸರಿ ಮಾಡಿದೆ. ಯುಎಸ್‌ಬಿ ಹೆಡ್‌ಸೆಟ್ ಇದ್ದವರಿಗೆ ಈ ಬೂಸ್ಟ್ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಅವರಿಗೆ ಒಂದೇ ಸ್ಲೈಡರ್.

ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದಕ್ಕೆ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸಿದೆ, ಪುಕ್ಕಟೆ ಸಿಗುತ್ತದೆ. ಪಾಠ ಮಾಡುವ ದನಿಯಲ್ಲೇ ಮಾತಾಡುತ್ತ ಮೀಟರ್ ನೋಡಿ, ಏರಿಳಿತದ ತುದಿ ಮೈನಸ್ 12ರಿಂದ ಮೈನಸ್ 6ರ ನಡುವೆ ಇದ್ದರೆ ಸಾಕು. 0 ಅಂದರೆ ಮೀಟರಿನ ಕೊನೆ, ಅದನ್ನು ಮುಟ್ಟಿತು ಅಂದರೆ ದನಿ ಹರಿದು ಹೋಗುತ್ತದೆ. ಹಾಗೆ ಹರಿದದ್ದನ್ನು ಆಮೇಲೆ ಪೂರ್ತಿ ಸರಿಪಡಿಸಲು ಆಗುವುದಿಲ್ಲ. ಈ ಪರೀಕ್ಷೆಯನ್ನು ಮಗ್ಗ ನಡೆಯುವಾಗಲೇ ಮಾಡಬೇಕು. ಕರೆಂಟ್ ಹೋಗಿ ಓಣಿ ಪೂರ್ತಿ ಸುಮ್ಮನಾದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿರುತ್ತದೆ, ಆಗ ಏನು ರೆಕಾರ್ಡ್ ಮಾಡಿದರೂ ಚೆಂದವೇ. ಆದರೆ ಸುತ್ತ ಗದ್ದಲ ಇದ್ದಾಗ ನಾವು ನಮಗೇ ಗೊತ್ತಾಗದ ಹಾಗೆ ಜೋರಾಗಿ ಮಾತಾಡುತ್ತೇವೆ. ಸದ್ದಿಲ್ಲದಾಗ ಇಟ್ಟ ಲೆವೆಲ್ ಮಗ್ಗ ಶುರುವಾದ ಕೂಡಲೇ 0 ದಾಟುತ್ತದೆ.

ಇನ್ನೊಂದು ವಿಷಯ, ನನಗೆ ತುಂಬಾ ಮುಖ್ಯ ಅನ್ನಿಸಿದ್ದು. ಮೀಟಿಂಗ್ ಆ್ಯಪ್‌ಗಳು ಮೈಕ್ ವಾಲ್ಯೂಮನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಸದ್ದಿಲ್ಲದ ಮನೆಯಲ್ಲಿ ಒಳ್ಳೆಯದೇ. ನಮ್ಮಲ್ಲಿ ಏನಾಗುತ್ತಿತ್ತು ಅಂದರೆ, ಹುಡುಗರು ಜರ್ನಲ್ ಎಂಟ್ರಿ ಬರೆಯಲಿ ಅಂತ ನಾನು ಸ್ವಲ್ಪ ಹೊತ್ತು ಸುಮ್ಮನಾದರೆ ಸಾಕು, ದನಿ ಕಡಿಮೆಯಾಯಿತು ಅಂತ ಆ್ಯಪ್ ವಾಲ್ಯೂಮ್ ಏರಿಸುತ್ತ ಹೋಗುತ್ತಿತ್ತು, ಮಗ್ಗ ನಿಧಾನಕ್ಕೆ ಉಬ್ಬಿಕೊಂಡು ಬರುತ್ತಿತ್ತು, ನಾನು ಮತ್ತೆ ಬಾಯಿ ತೆರೆದಾಗ ಮೊದಲ ಮಾತು ಕಿವಿಗೆ ಬಡಿಯುತ್ತಿತ್ತು. ಝೂಮ್‌ನಲ್ಲಿ ಆಡಿಯೊ ಸೆಟ್ಟಿಂಗ್ಸ್‌ಗೆ ಹೋಗಿ 'ಆಟೊಮ್ಯಾಟಿಕಲಿ ಅಡ್ಜಸ್ಟ್ ಮೈಕ್ರೊಫೋನ್ ವಾಲ್ಯೂಮ್' ಮುಂದಿನ ಟಿಕ್ ತೆಗೆದೆ. ಆ ಏರಿಳಿತ ನಿಂತಿತು.

ಗದ್ದಲ ಅಳಿಸುವ ಸೌಲಭ್ಯ ಒಂದೇ ಕಡೆ ಇರಲಿ. ವಿಂಡೋಸ್‌ನಲ್ಲೂ ಆ್ಯಪ್‌ನಲ್ಲೂ ಎರಡೂ ಕಡೆ ಹಾಕಿದರೆ ನೀರೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಫ್ಯಾನಿನ ಒಂದೇ ಸಮನೆಯ ಸದ್ದನ್ನು ಅದು ಚೆನ್ನಾಗಿ ತೆಗೆಯುತ್ತದೆ. ಮಗ್ಗದ ಬಡಿತಕ್ಕೆ ಅಂತ ತುಂಬಾ ಜೋರು ಮಾಡಿದಾಗ ನನ್ನ ಮಾತಿನ ಕೊನೆಯ ಅಕ್ಷರಗಳೂ ಹೋಗತೊಡಗಿದವು. ಲೆಕ್ಕ ಹೇಳುವಾಗ 'ಸಾವಿರದ' ಆದಮೇಲೆ ಬರುವ ಅಂಕಿ ಕೇಳದಿದ್ದರೆ ಹೇಗೆ? ಅದಕ್ಕೆ ಕಡಿಮೆ ಮಟ್ಟದಲ್ಲೇ ಬಿಟ್ಟಿದ್ದೇನೆ.

ಚಾರ್ಜರ್ ಹಾಕಿದಾಗ ಮಾತ್ರ ಹಿಂದೆ ಗುಂಯ್ ಅಂತ ಕೇಳಿದರೆ ಅದು ಮೈಕಿನ ದೋಷ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅರ್ಥಿಂಗ್ ಸರಿ ಇಲ್ಲದಿದ್ದರೆ ಆ ಗುಂಯ್ ಪಿನ್‌ವಾಲಾ ಹೆಡ್‌ಸೆಟ್ಟಿಗೆ ಸುಲಭವಾಗಿ ಸೇರಿಕೊಳ್ಳುತ್ತದೆ. ಚಾರ್ಜರ್ ಕಿತ್ತು ನೋಡಿ, ಸದ್ದು ಹೋದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನ ಅರ್ಥಿಂಗ್ ನೋಡಿಸಿ. ನಾನು ಅದನ್ನೇ ಮಾಡಿಸಿದೆ. ಲ್ಯಾಪ್‌ಟಾಪಿನ ಸೌಂಡ್ ಡ್ರೈವರ್ (ಸೌಂಡ್ ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಆದಾಗ ಬೂಸ್ಟ್ ತಾನೇ ಬದಲಾಗುವುದೂ ಉಂಟು. ಹಾಗಾಗಿ ಕ್ಲಾಸಿಗೆ ಮುಂಚೆ ಫೋನಿನಿಂದಲೂ ಜಾಯಿನ್ ಆಗಿ, ಒಂದು ನಿಮಿಷ ನನ್ನ ದನಿ ನಾನೇ ಕೇಳಿ, ಆಮೇಲೆ ಹುಡುಗರನ್ನು ಒಳಗೆ ಬಿಡುತ್ತೇನೆ.