ಪಿಕ್ಸೆಲ್ ಚಿತ್ರವನ್ನು ಮುದ್ರಣಕ್ಕೆ ಕೊಡುವ ಮುನ್ನ
ಗೋಡೆಗೆ ಪಿಕ್ಸೆಲ್ ಚಿತ್ರ (ಕಂಪ್ಯೂಟರಿನಲ್ಲಿ ಪುಟ್ಟ ಬಣ್ಣದ ಚೌಕಗಳಿಂದ ಜೋಡಿಸಿದ ಚಿತ್ರ) ಹಾಕಿಸುವವರು ಮಡಿಕೇರಿಯ ಮುದ್ರಣದಂಗಡಿಗೆ ಮೂಲ ಚಿತ್ರವನ್ನು ಹಾಗೆಯೇ ಕೊಡಬೇಡಿ. ಮೊದಲು ಚಿತ್ರ ತಿದ್ದುವ ತಂತ್ರಾಂಶದಲ್ಲಿ, ಗಾತ್ರ ಬದಲಿಸುವಾಗ ಸಿಗುವ ‘ನಿಯರೆಸ್ಟ್ ನೈಬರ್’ ಆಯ್ಕೆಯಲ್ಲಿ ಪೂರ್ಣಸಂಖ್ಯೆಯಷ್ಟು ಪಟ್ಟು ಹಿಗ್ಗಿಸಿ, ಪಿಎನ್‌ಜಿ (ಗುಣಮಟ್ಟ ಕೆಡದ ಚಿತ್ರ ಕಡತ) ಆಗಿ ಉಳಿಸಿ. 64 ಚೌಕ ಅಗಲದ ಚಿತ್ರವನ್ನು 32 ಪಟ್ಟು ಮಾಡಿದರೆ ಅಗಲ 2048 ಪಿಕ್ಸೆಲ್ ಆಗುತ್ತದೆ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ, ಸುಮಾರು 17 ಸೆಂಟಿಮೀಟರ್. ಹಿಗ್ಗಿಸುವ ಬೇರೆ ವಿಧಾನಗಳು ಪಕ್ಕದ ಬಣ್ಣಗಳನ್ನು ಕಲಸಿ ಅಂಚನ್ನು ಮಸುಕಾಗಿಸುತ್ತವೆ. ನಿಯರೆಸ್ಟ್ ನೈಬರ್ ಪ್ರತಿ ಚೌಕವನ್ನೂ ಇದ್ದಂತೆಯೇ ಹಿಗ್ಗಿಸುತ್ತದೆ. ಆ ಚೂಪಾದ ಅಂಚಿನಲ್ಲೇ ಈ ಕಲೆಯ ಜೀವವಿದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದು ಈಗಾಗಲೇ ಮಸುಕಾದ ಚಿತ್ರಕ್ಕೆ ಇದು ಫಲಿಸದು. ಮೂಲ ಚಿತ್ರವನ್ನೇ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಇನ್ನು ನಮ್ಮ ಕೊಡಗಿನ ಮಳೆಗಾಲದ ತೇವ! ಕಾಗದ ಮುದುಡುತ್ತದೆ, ಸನ್‌ಬೋರ್ಡ್ (ಹಗುರವಾದ ಪ್ಲಾಸ್ಟಿಕ್ ಹಲಗೆ) ಮೇಲೆ ಅಂಟಿಸಿದ ವಿನೈಲ್ (ಪ್ಲಾಸ್ಟಿಕ್ ಹಾಳೆ) ಮುದ್ರಣವೇ ಮೇಲು. ನೀರು ಜಿನುಗುವ ಗೋಡೆಗೆ ಅದನ್ನೂ ಅಂಟಿಸಬೇಡಿ. ಹಿಂದೆ ಗಾಳಿಯಾಡುವಂತೆ ಬೆರಳಗಲ ಜಾಗ ಬಿಟ್ಟು ತೂಗುಹಾಕಿ.