ಚಳಿಜ್ವರದ ನೀರನ್ನು ಹುಡುಕುವುದು ಹೇಗೆ?

ಗಟಾರ ಬಳಿಸಿ, ಹೊಗೆ ಹಾಕಿಸಿದರೂ ಊರಿನ ಮಲೇರಿಯಾ ಏಕೆ ಹೋಗಲಿಲ್ಲ ಎಂದು ಕೇಳುವವರು ಬಹಳ. ಗಟಾರದ ಕೊಳಕು ನೀರು ಕ್ಯೂಲೆಕ್ಸ್ ಸೊಳ್ಳೆಯ ತವರು. ಮಲೇರಿಯಾ ಹರಡುವ ಅನಾಫಿಲಿಸ್‌ಗೆ ಅದು ಸೇರುವುದಿಲ್ಲ. ಈ ಸೊಳ್ಳೆ ಹುಡುಕುವುದು ತಿಳಿನೀರನ್ನು.

ಆ ನೀರು ಸೀಮೆಗೊಂದು ಬಗೆ. ಮಲೆನಾಡಿನ ತಪ್ಪಲಿನಲ್ಲಿ ಸಣ್ಣಗೆ ಹರಿಯುವ ತೊರೆ. ಬಳ್ಳಾರಿ, ಮಂಗಳೂರಿನಂಥ ನಗರಗಳಲ್ಲಿ ಮುಚ್ಚಳವಿಲ್ಲದ ಟ್ಯಾಂಕು, ಬಾವಿ, ಕಟ್ಟಡ ಕೆಲಸದ ತೊಟ್ಟಿ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆಯವರು ಮೊದಲು ಕಾಲುವೆ ದಂಡೆ ಹಿಡಿದು ನಡೆಯಬೇಕು. ನೀರು ನಿಲ್ಲಿಸಿದ ಮೇಲೆ ಕಾಲುವೆಯ ತಳದಲ್ಲಿ ಉಳಿದ ಗುಂಡಿ, ತೂಬಿನ ಪಕ್ಕದ ಬಸಿನೀರು, ಆಗಷ್ಟೇ ನಾಟಿಯಾದ ಗದ್ದೆ, ಎಮ್ಮೆಯ ಗೊರಸಿನ ಕುಳಿಯನ್ನೂ ಬಿಡಬೇಡಿ. ಇಲ್ಲಿನ ಕ್ಯುಲಿಸಿಫೇಸಿಸ್ ಎಂಬ ಅನಾಫಿಲಿಸ್ ಜಾತಿಯ ಸೊಳ್ಳೆಗೆ ಅಷ್ಟು ಸಾಕು. ಪೈರು ಎತ್ತರವಾಗಿ ನೀರನ್ನು ಮುಚ್ಚಿದರೆ ಗದ್ದೆಯಲ್ಲಿ ಅದರ ಕಾಟ ಕಡಿಮೆ.

ಬಿಳಿಯ ಸೌಟಿನಲ್ಲಿ ನೀರು ತೆಗೆಯಿರಿ. ನಿಮ್ಮ ನೆರಳು ನೀರಿನ ಮೇಲೆ ಬಿದ್ದರೆ ಮರಿಹುಳುಗಳು ತಳಕ್ಕೆ ಇಳಿಯುತ್ತವೆ, ಹುಷಾರು. ಹುಳು ನೀರಿನ ಮೈಗೆ ಅಂಟಿ ಅಡ್ಡ ಮಲಗಿದ್ದರೆ ಅನಾಫಿಲಿಸ್. ತಲೆಕೆಳಗಾಗಿ ಜೋತಿದ್ದರೆ ಬೇರೆ ಜಾತಿ.

ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಬೇಕು. ಹಾಗಾಗಿ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸಿ. ಗುಂಡಿಗೆ ಮಣ್ಣು ತುಂಬಿ. ಬರಿದು ಮಾಡಲಾಗದ ಬಾವಿಗೆ ಗಪ್ಪಿ ಮೀನು ಬಿಡಿ.

ಇಷ್ಟಾದರೂ ಅರ್ಧ ಕೆಲಸವೇ. ನಮ್ಮ ಭಾಗದಿಂದ ಬೆಂಗಳೂರು, ಮಂಗಳೂರಿಗೆ ಗುಳೆ ಹೋದವರು ಹಬ್ಬಕ್ಕೆ ಮರಳುವಾಗ ಕೆಲವರ ರಕ್ತದಲ್ಲಿ ಮಲೇರಿಯಾ ತರುವ ಪರಾವಲಂಬಿಯೂ ಬಸ್ಸು ಹತ್ತಿರುತ್ತದೆ. ಅವರನ್ನು ಕಚ್ಚಿದ ಊರ ಸೊಳ್ಳೆ ಸುಮಾರು ಎರಡು ವಾರದಲ್ಲಿ ಪಕ್ಕದ ಮನೆಗೆ ರೋಗ ಮುಟ್ಟಿಸಬಲ್ಲದು. ಗುಳೆಯಿಂದ ಬಂದವರಿಗೆ ಜ್ವರ ಕಂಡರೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿ.

ಪರೀಕ್ಷೆಯಲ್ಲಿ ವೈವ್ಯಾಕ್ಸ್ ಬಗೆಯ ಮಲೇರಿಯಾ ಎಂದು ಬಂದರೆ ಕ್ಲೋರೋಕ್ವಿನ್ 3 ದಿನ, ಯಕೃತ್ತಿನಲ್ಲಿ ಅಡಗಿದ ಪರಾವಲಂಬಿಗೆ ಪ್ರೈಮಾಕ್ವಿನ್ 14 ದಿನ. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಈ ಎರಡನೆಯದು ಸಲ್ಲದು, ಉಳಿದವರೂ ವೈದ್ಯರು ಹೇಳಿದಷ್ಟೇ ನುಂಗಬೇಕು. ನಾಲ್ಕನೇ ದಿನ ಜ್ವರ ಬಿಟ್ಟೊಡನೆ ಮಾತ್ರೆ ಗೂಡು ಸೇರುವುದೇ ಹೆಚ್ಚು. ಕೆಲವು ತಿಂಗಳಿಗೆ ನಡುಕ ಮರಳಿದಾಗ ದೂರು ಮಾತ್ರ ಗಟಾರದ ಮೇಲೆ.