ಸ್ಟೇಜ್ ರೇಸ್ ಗೆದ್ದದ್ದು ತಾಕತ್ತೋ ನಸೀಬೋ: ಸೆಕೆಂಡ್ ಲೆಕ್ಕ ಇಡುವ ಕ್ರಮ

ಸೈಕಲ್ ಸ್ಟೇಜ್ ರೇಸಿನಲ್ಲಿ, ಅಂದರೆ ಹಲವು ದಿನ ಹಂತಹಂತವಾಗಿ ನಡೆಯುವ ಓಟದಲ್ಲಿ, ದಿನಕ್ಕೊಬ್ಬರು ಗೆಲ್ಲಬಹುದು. ಕೊನೆಗೆ ಕಪ್ ಹೋಗುವುದು ಎಲ್ಲ ದಿನಗಳ ಸಮಯ ಕೂಡಿಸಿದಾಗ ಮೊತ್ತ ಕಡಿಮೆ ಇದ್ದವರಿಗೆ. ಹಾಗಾಗಿ "ಅವನ ನಸೀಬು ಮಾರಾಯ್ರೆ, ಗೆದ್ದ" ಅನ್ನುವ ಮೊದಲು ಸೆಕೆಂಡುಗಳು ಎಲ್ಲಿ ಸೋರಿದವು ಎಂದು ನೋಡಬೇಕು. ಕರಾವಳಿಯಲ್ಲಿ ಗೆಳೆಯರು ಸೇರಿ ಮೂರು ದಿನದ ಓಟ ಹಾಕಿಕೊಳ್ಳುವುದಾದರೆ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲ ದಿನ ಉಡುಪಿಯಿಂದ ಮರವಂತೆಗೆ ಹೋಗಿ ಬರುವ ಸಮತಟ್ಟು ದಾರಿ, ಎರಡನೇ ದಿನ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ, ಮೂರನೇ ದಿನ ಒಬ್ಬೊಬ್ಬರೇ ಓಡುವ ಟೈಮ್ ಟ್ರಯಲ್. ಒಂದು ಮಾತು ಮೊದಲೇ: ಪೊಲೀಸ್ ಅನುಮತಿ ಪಡೆದು ರಸ್ತೆ ಬಂದ್ ಮಾಡದೆ ಹೆದ್ದಾರಿಯಲ್ಲಿ ರೇಸ್ ಬೇಡ. ಅನುಮತಿ ಇಲ್ಲದಿದ್ದರೆ ಹೆದ್ದಾರಿಯ ದಿನ ಬರೀ ಸವಾರಿ. ವಾಹನ ಕಡಿಮೆ ಇರುವ ಹೊತ್ತಿನಲ್ಲಿ ಘಾಟಿಯ ಏರು ಮತ್ತು ಟೈಮ್ ಟ್ರಯಲ್ ಎರಡಕ್ಕೆ ಮಾತ್ರ ಗಡಿಯಾರ ಹಿಡಿಯಿರಿ.

ಪ್ರತಿ ದಿನ ಓಟ ಮುಗಿದ ಒಂದು ಗಂಟೆಯೊಳಗೆ, ನೆನಪು ಹಸಿಯಾಗಿರುವಾಗಲೇ, ಒಂದು ಹಾಳೆಯಲ್ಲಿ ಮೂರು ಖಾನೆ ಎಳೆದು ಕಳೆದುಕೊಂಡ ಸೆಕೆಂಡುಗಳನ್ನು ಬರೆಯಿರಿ. ಮೊದಲನೆಯದು ಕಾಲಿನದು: ಏರಿನಲ್ಲಿ ಹಿಂದುಳಿದದ್ದು, ಕೊನೆಯ ಓಟದಲ್ಲಿ ಸೋತದ್ದು. ಎರಡನೆಯದು ತಯಾರಿಯದು: ಸವೆದ ಟೈರ್, ಬೀಳುವ ಚೈನ್, ಖಾಲಿ ಬಾಟಲಿ, ಗುಂಪಿನಲ್ಲಿ ತಪ್ಪು ಜಾಗ. ಮೂರನೆಯದು ನಸೀಬಿನದು. ಯಾವುದನ್ನು ಎಲ್ಲಿ ಬರೆಯಬೇಕೆಂಬ ಗೊಂದಲ ಬಂದರೆ ಒಂದೇ ಪ್ರಶ್ನೆ ಸಾಕು: ಇದೇ ಸೈಕಲ್, ಇದೇ ಅಭ್ಯಾಸ ಇಟ್ಟುಕೊಂಡು ಇನ್ನೂ ಹತ್ತು ಸಲ ಓಡಿದರೆ ಇದು ಮತ್ತೆ ಆಗುವ ಸಾಧ್ಯತೆ ಇದೆಯೇ? ಇದೆ ಎಂದಾದರೆ ಅದು ಎರಡನೇ ಖಾನೆ. ಪ್ರಾಮಾಣಿಕವಾಗಿ ಬರೆದರೆ ಮೂರನೇ ಖಾನೆ ಬಹುಪಾಲು ಖಾಲಿಯೇ ಉಳಿಯುತ್ತದೆ.

ಫ್ರಾನ್ಸಿನ ಹೆಸರಾಂತ ಸ್ಟೇಜ್ ರೇಸ್ ಟೂರ್ ಡಿ ಫ್ರಾನ್ಸ್‌ನ 2010ರ ಓಟ ನೋಡಿ. 15ನೇ ಸ್ಟೇಜಿನಲ್ಲಿ ಪೋರ್ಟ್ ಡಿ ಬಾಲೆಸ್ ಏರಿನ ಮೇಲೆ ಆ್ಯಂಡಿ ಶ್ಲೆಕ್ ಮುನ್ನುಗ್ಗುತ್ತಿದ್ದಾಗ ಚೈನ್ ಬಿತ್ತು. ಆ ದಿನ ಎದುರಾಳಿ ಕೊಂಟಾಡೊರ್ ಗಳಿಸಿದ್ದು 39 ಸೆಕೆಂಡ್. ಪ್ಯಾರಿಸ್ ತಲುಪಿದಾಗ ಇಬ್ಬರ ನಡುವಿನ ಅಂತರವೂ ಸರಿಯಾಗಿ 39 ಸೆಕೆಂಡ್. (ಡೋಪಿಂಗ್ ಪ್ರಕರಣದಲ್ಲಿ 2012ರಲ್ಲಿ ಕೊಂಟಾಡೊರ್ ಪಟ್ಟ ಕಳೆದುಕೊಂಡರು, ಅದು ಶ್ಲೆಕ್‌ಗೆ ಬಂತು, ಅದು ಬೇರೆ ಕಥೆ.) ಇಂಥ ಓಟವನ್ನು ನಸೀಬಿನ ಖಾನೆಗೆ ಹಾಕಲು ಮನಸ್ಸಾಗುತ್ತದೆ. ಆದರೆ ಚೈನ್ ಬೀಳುವುದು ಗಾಳಿಯಂತೆ ತಾನಾಗಿ ಬರುವ ಸಂಗತಿಯಲ್ಲ.

ಪಂಕ್ಚರ್‌ಗೆ ಬೆಲೆ ಕಟ್ಟುವುದು

ಸವಾರ ಮತ್ತು ಸೈಕಲ್ ಸೇರಿ 80 ಕಿಲೊ, ಘಾಟಿಯ ಏರು ಎತ್ತರದಲ್ಲಿ 500 ಮೀಟರ್ ಎಂದಿಟ್ಟುಕೊಳ್ಳಿ. ಪೆಡಲಿಗೆ 200 ವಾಟ್ ಹಾಕುವವರಿಗೆ ಗಾಳಿ, ಟೈರಿನ ತಿಕ್ಕಾಟ ಕಳೆದು ಏರಲು ಉಳಿಯುವುದು ಸುಮಾರು 175 ವಾಟ್. ಮೇಲೆ ತಲುಪಲು 37 ನಿಮಿಷ ಬೇಕು. ತಾಕತ್ತು ಶೇಕಡಾ 5 ಹೆಚ್ಚಿದರೆ, ಅಂದರೆ 210 ವಾಟ್ ಆದರೆ, ಉಳಿತಾಯ ಎರಡು ನಿಮಿಷಕ್ಕೂ ಸ್ವಲ್ಪ ಕಡಿಮೆ. ಆ ಶೇಕಡಾ 5 ಗಳಿಸಲು ತಿಂಗಳುಗಟ್ಟಲೆ ಬೆವರು ಸುರಿಸಬೇಕು. ಇತ್ತ ಕೈ ಪಳಗದವರು ಟ್ಯೂಬ್ ಬದಲಿಸಲು 12ರಿಂದ 15 ನಿಮಿಷ ತೆಗೆದುಕೊಳ್ಳುತ್ತಾರೆ, ಪಳಗಿದವರು 5 ನಿಮಿಷ. ಒಂದು ಪಂಕ್ಚರಿನಲ್ಲಿ ಉಳಿಯುವ ಆ 7–10 ನಿಮಿಷ ಇಂಥ ನಾಲ್ಕೈದು ಘಾಟಿಗಳ ತಾಕತ್ತಿಗೆ ಸಮ. ಮುಳ್ಳು ಚುಚ್ಚಿದ್ದು ನಸೀಬು ಅನ್ನಿ ಬೇಕಾದರೆ, 15 ನಿಮಿಷ ಹೋದದ್ದು ಮಾತ್ರ ಅಲ್ಲ.

ಕೆಲಸದ ಕ್ರಮ ಹೀಗೆ. ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ, ಆಮೇಲೆ ಚಕ್ರ ಬಿಚ್ಚಿ. ಟೈರಿನ ಒಂದು ಬದಿ ಮಾತ್ರ ಎಬ್ಬಿಸಿ ಟ್ಯೂಬ್ ಎಳೆಯಿರಿ. ಈಗ ಹೆಚ್ಚಿನವರು ತಪ್ಪುವ ಹಂತ: ಹೊಸ ಟ್ಯೂಬ್ ತುರುಕುವ ಮೊದಲು ಟೈರಿನ ಒಳಮೈಯನ್ನು ಸುತ್ತಲೂ ಬೆರಳಿನಿಂದ ನಿಧಾನಕ್ಕೆ ಸವರಿ ಮುಳ್ಳು, ತಂತಿಯ ಚೂರು ಹುಡುಕಿ ತೆಗೆಯಬೇಕು. ಇದನ್ನು ಬಿಟ್ಟರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎರಡನೇ ಟ್ಯೂಬೂ ಹೋಗುತ್ತದೆ, ಆಗ ಜೇಬಿನಲ್ಲಿ ಏನೂ ಉಳಿದಿರುವುದಿಲ್ಲ. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಊದಿ ಕೂರಿಸಿ. ಚಪ್ಪಟೆ ಟ್ಯೂಬ್ ರಿಮ್ಮಿನ ಅಂಚಿಗೆ ಸಿಕ್ಕಿ ಸೀಳುತ್ತದೆ. ಟೈರನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಬಳಿ ಮುಗಿಸಿ, ವಾಲ್ವನ್ನು ಒಮ್ಮೆ ಒಳಗೆ ಒತ್ತಿ ಬಿಡಿ, ಆಮೇಲೆ ಗಾಳಿ. 16 ಗ್ರಾಮಿನ ಗ್ಯಾಸ್ ಕಾರ್ಟ್ರಿಡ್ಜ್ ಎರಡು, ಅದು ಕೈಕೊಟ್ಟರೆ ಸಣ್ಣ ಕೈಪಂಪ್ ಒಂದು ಜೊತೆಗಿರಲಿ. ಮನೆಯಂಗಳದಲ್ಲಿ ವಾರಕ್ಕೊಮ್ಮೆ, ಕೈ ಒದ್ದೆ ಮಾಡಿಕೊಂಡು, ಗಡಿಯಾರ ಇಟ್ಟು ಅಭ್ಯಾಸ ಮಾಡಿ.

ಗಾಳಿಯ ಒತ್ತಡ: 70 ಕಿಲೊ ತೂಕದವರು 28 ಮಿಲಿಮೀಟರ್ ಟೈರಿಗೆ ಮುಂದೆ 65, ಹಿಂದೆ 70 ಪಿಎಸ್ಐಯಿಂದ ಶುರು ಮಾಡಿ ಹೊಂದಿಸಿಕೊಳ್ಳಬಹುದು. ಮಳೆಯಲ್ಲಿ ಎರಡೂ ಕಡೆ 5 ಕಡಿಮೆ. ಮಲ್ಪೆ ಕಡೆಯ ಹೆದ್ದಾರಿ ತಿರುವುಗಳಲ್ಲಿ ಮೀನಿನ ಲಾರಿಯಿಂದ ಸುರಿದ ನೀರು ಬಿಸಿಲಿದ್ದರೂ ಜಾರುತ್ತದೆ. ಅಲ್ಲಿ ಸೈಕಲ್ ವಾಲಿಸಬೇಡಿ, ತಿರುವಿಗೆ ಮೊದಲೇ ಬ್ರೇಕ್ ಹಿಡಿದು ಮುಗಿಸಿ. ಬಿಳಿ ಪಟ್ಟಿ ಒದ್ದೆಯಾದರೂ ಅಷ್ಟೇ. ಟ್ಯೂಬ್‌ಲೆಸ್ ಹಾಕಿದವರು ಒಳಗಿನ ತೂತು ಮುಚ್ಚುವ ದ್ರವವನ್ನು ಎರಡು ಮೂರು ತಿಂಗಳಿಗೊಮ್ಮೆ ನೋಡಲೇಬೇಕು, ನಮ್ಮ ಸೆಕೆಗೆ ಅದು ಬೇಗ ಒಣಗುತ್ತದೆ.

ಚೈನಿಗೆ ಹೆಚ್ಚು ಮಾತು ಬೇಡ. ಉಪ್ಪುಗಾಳಿಯಲ್ಲಿ ವಾರದಲ್ಲೇ ತುಕ್ಕು ಹಿಡಿಯುವುದರಿಂದ ಪ್ರತಿ ಸವಾರಿಯ ನಂತರ ಒರೆಸಿ ಎಣ್ಣೆ ಹಾಕಿ. ಸವೆತ ನೋಡುವ ಗೇಜ್ 0.5 ತೋರಿಸಿದರೆ ಬದಲಿಸಿ. ಮುಂದಿನ ಗೇರನ್ನು ಪೂರ್ತಿ ಬಲ ಹಾಕಿ ತುಳಿಯುವಾಗ ಬದಲಿಸಬೇಡಿ, ಚೈನ್ ಬೀಳುವುದು ಹೆಚ್ಚಾಗಿ ಆಗಲೇ. ಒಳಗೆ ಬಿದ್ದರೆ ಇಳಿಯುವ ಮೊದಲು ಮುಂದಿನ ಗೇರನ್ನು ದೊಡ್ಡ ಹಲ್ಲುಚಕ್ರಕ್ಕೆ ಒತ್ತಿ ಮೆಲ್ಲಗೆ ತುಳಿದು ನೋಡಿ, ಎಷ್ಟೋ ಸಲ ತಾನೇ ಹತ್ತಿಕೊಳ್ಳುತ್ತದೆ.

ಮರವಂತೆಯ ಗಾಳಿ

ಗುಂಪು ಒಡೆದು ಹಿಂದುಳಿದವರು ದೂರುವುದು ಗಾಳಿಯನ್ನು. ಗಾಳಿ ಎಲ್ಲರಿಗೂ ಒಂದೇ. ಬೇರೆಯಾಗುವುದು ನಿಂತ ಜಾಗ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ರಸ್ತೆ. ತಡೆ ಅನ್ನುವುದೇ ಇಲ್ಲ. ಬೇಸಿಗೆಯಲ್ಲಿ ನೆಲ ಕಾದಂತೆ ಕಡಲಗಾಳಿ ಎದ್ದು ಮಧ್ಯಾಹ್ನಕ್ಕೆ ಜೋರಾಗುತ್ತದೆ. ಹೆದ್ದಾರಿ ಉತ್ತರ–ದಕ್ಷಿಣವಾಗಿ ಹೋಗುವುದರಿಂದ ಪಡುಗಾಳಿ ಹೊಡೆಯುವುದು ಪಕ್ಕಕ್ಕೆ. ಹಾಗಾಗಿ ಮರೆ ಸಿಗುವುದು ಮುಂದಿನವರ ನೇರ ಹಿಂದೆ ಅಲ್ಲ, ಓರೆಯಾಗಿ ಪಕ್ಕದಲ್ಲಿ.

ಉಡುಪಿ ಕಡೆಗೆ ಮರಳುವಾಗ ಕಡಲು ಬಲಕ್ಕೆ, ಮರೆ ಎಡಕ್ಕೆ, ಅಂದರೆ ರಸ್ತೆಯಂಚಿನ ಕಡೆ. ಎಡಬದಿಯ ಪಟ್ಟಿಯ ಅಗಲದಲ್ಲಿ ಓರೆಯಾಗಿ ಮೂರು ನಾಲ್ಕು ಜನರಿಗೆ ಮಾತ್ರ ಜಾಗ. ಐದನೆಯವರಿಂದ ಹಿಂದೆ ಎಲ್ಲರೂ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ, ಮರೆಯಿಲ್ಲದೆ ತುಳಿಯಬೇಕು; ಅವರಲ್ಲಿ ಒಬ್ಬರು ಸೋತರೆ ಅವರ ಹಿಂದಿನವರೆಲ್ಲ ಹೋದಂತೆ. ಹಾಗಾಗಿ ತೆಂಗಿನ ತೋಟ, ಮನೆಗಳ ಮರೆ ಮುಗಿದು ಬಯಲು ಶುರುವಾಗುವ ಒಂದು ಕಿಲೊಮೀಟರ್ ಮೊದಲೇ ಮೊದಲ ನಾಲ್ವರೊಳಗೆ ಬನ್ನಿ. ಅಂಚಿನಲ್ಲಿ ಸಿಕ್ಕಿಕೊಂಡರೆ ಇನ್ನಿಬ್ಬರನ್ನು ಕರೆದುಕೊಂಡು ಎರಡನೇ ಓರೆ ಸಾಲು ಕಟ್ಟಿ. ಉಡುಪಿಯಿಂದ ಮರವಂತೆ ಕಡೆ ಹೋಗುವಾಗ ಇದು ತಿರುಗುಮುರುಗು: ಕಡಲು ಎಡಕ್ಕೆ, ಮರೆ ಬಲಕ್ಕೆ, ಬಸ್ಸು ಲಾರಿ ನುಗ್ಗುವ ಕಡೆ. ರಸ್ತೆ ಬಂದ್ ಇಲ್ಲದಿದ್ದರೆ ಈ ದಿಕ್ಕಿನಲ್ಲಿ ಓರೆ ಸಾಲು ಕಟ್ಟಲೇಬಾರದು.

2014ರ ಟೂರ್ ಇದಕ್ಕೆ ಒಳ್ಳೆಯ ಪಾಠ. ಗೆಲ್ಲಬಹುದೆಂದಿದ್ದ ಫ್ರೂಮ್ 5ನೇ ಸ್ಟೇಜಿನಲ್ಲಿ, ಕೊಂಟಾಡೊರ್ 10ನೆಯದರಲ್ಲಿ ಬಿದ್ದು ಹೊರಹೋದರು, ಇನ್ನೊಬ್ಬ ಸವಾರ ನಿಬಾಲಿ ಗೆದ್ದರು. ನಸೀಬು ಎಂದವರು ಬಹಳ. ಆದರೆ 5ನೇ ಸ್ಟೇಜಿನ ಒದ್ದೆ ಕಲ್ಲುಹಾಸಿನ ಮೇಲೆ ನಿಬಾಲಿ ಮುಂದಿನ ಸಾಲಿನಲ್ಲೇ ಇದ್ದು ಕೊಂಟಾಡೊರ್‌ಗಿಂತ ಎರಡು ನಿಮಿಷಕ್ಕೂ ಹೆಚ್ಚು ಗಳಿಸಿದ್ದರು. ಆಗ ಕೊಂಟಾಡೊರ್ ಇನ್ನೂ ಓಟದಲ್ಲಿದ್ದರು. ಕೊನೆಗೆ ಎರಡನೇ ಸ್ಥಾನದವರಿಗಿಂತ ಅಂತರ 7 ನಿಮಿಷ 37 ಸೆಕೆಂಡ್.

ಎರಡನೇ ದಿನದ ಕಾಲು

ಮೊದಲ ದಿನ ತಿನ್ನದಿದ್ದುದರ ಸಾಲ ತೀರುವುದು ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ. ಗಂಟೆಗೆ 60 ಗ್ರಾಂ ಪಿಷ್ಟ–ಸಕ್ಕರೆ ಗುರಿ: ಒಂದು ಮಧ್ಯಮ ಬಾಳೆಹಣ್ಣು ಸುಮಾರು 25 ಗ್ರಾಂ, ಉಳಿದದ್ದಕ್ಕೆ ಬೆಲ್ಲ ಅಥವಾ ಬಾಟಲಿಯಲ್ಲಿ ಸಕ್ಕರೆ. ನೀರು ಗಂಟೆಗೆ 500ರಿಂದ 750 ಮಿಲಿ. ಬೊಂಡ ಕುಡಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಬೊಂಡದಲ್ಲಿ ಪೊಟ್ಯಾಸಿಯಮ್ ಧಾರಾಳ, ನಾವು ಬೆವರಿನಲ್ಲಿ ಕಳೆದುಕೊಳ್ಳುವ ಸೋಡಿಯಂ ಮಾತ್ರ ಅದರಲ್ಲಿ ಕಡಿಮೆ. ಅದಕ್ಕೆ ಚಿಟಿಕೆ ಉಪ್ಪು ಹಾಕಿ, ಇಲ್ಲವೇ ಓಆರ್‌ಎಸ್ ಕುಡಿಯಿರಿ. ಸಂಜೆಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಬಹಳ ಒಳ್ಳೆಯದು, ಬರೀ ತಿಳಿ ಕುಡಿದು ಏಳದೆ ಅನ್ನವನ್ನೂ ಉಣ್ಣಬೇಕು.

ಟೈಮ್ ಟ್ರಯಲಿನಲ್ಲಿ ನಿಜವಾದ ನಸೀಬು ಒಂದಿದೆ: ಹೊರಡುವ ಹೊತ್ತು. ಬೆಳಿಗ್ಗೆ 8ಕ್ಕೆ ಹೊರಟವರಿಗೆ ಸಿಗುವ ಗಾಳಿಯೇ 11ಕ್ಕೆ ಹೊರಟವರಿಗೆ ಸಿಗುವುದಿಲ್ಲ. ಏರ್ಪಡಿಸುವವರು ಎಲ್ಲರನ್ನೂ ನಿಮಿಷದ ಅಂತರದಲ್ಲಿ, ಕಡಲಗಾಳಿ ಏಳುವ ಮೊದಲೇ ಬಿಟ್ಟು ಮುಗಿಸಬೇಕು. ಹೋಗಿ ಬರುವ ದಾರಿಯಾದರೆ ಇನ್ನೂ ಲೇಸು. ಉಳಿದದ್ದು ಸವಾರರ ಕೈಯಲ್ಲಿದೆ. 1989ರ ಟೂರಿನ ಕೊನೆಯ ದಿನದ ಟೈಮ್ ಟ್ರಯಲಿಗೆ ಮೊದಲು ಲೆಮಾಂಡ್ ಮುಂದಿದ್ದ ಫಿನ್ಯೋನ್‌ಗಿಂತ 50 ಸೆಕೆಂಡ್ ಹಿಂದಿದ್ದರು. 24.5 ಕಿಲೊಮೀಟರಿನಲ್ಲಿ ಫಿನ್ಯೋನ್‌ಗಿಂತ 58 ಸೆಕೆಂಡ್ ಬೇಗ ಓಡಿ 8 ಸೆಕೆಂಡಿನಿಂದ ಟೂರ್ ಗೆದ್ದರು. ಲೆಮಾಂಡ್ ಸೈಕಲಿಗೆ ಮುಂಗೈ ಊರಿ ಬಾಗುವ ಹ್ಯಾಂಡಲ್ ಇತ್ತು, ಫಿನ್ಯೋನ್ ಸೈಕಲಿಗೆ ಇರಲಿಲ್ಲ. ಅದು ಎರಡನೇ ಖಾನೆ.

ಮೂರೂ ದಿನ ಮುಗಿದ ಮೇಲೆ ಮೊದಲ ಇಬ್ಬರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಇಬ್ಬರ ಒಟ್ಟು ಸಮಯದಿಂದಲೂ ಮೂರನೇ ಖಾನೆಯ ಮೊತ್ತ ಕಳೆಯಿರಿ. ಸ್ಥಾನ ಅದಲುಬದಲಾದರೆ ಮಾತ್ರ ನಸೀಬಿನ ಮಾತಿಗೆ ಬೆಲೆ. ಸೋತವರ ಹಾಳೆಯಿಂದಷ್ಟೇ ಕಳೆದು ಬಿಡುವುದು ಎಲ್ಲ ಕಡೆ ಆಗುವ ತಪ್ಪು. ಗೆದ್ದವರಿಗೂ ಘಾಟಿಯ ಯಾವುದೋ ತಿರುವಿನಲ್ಲಿ ಬಸ್ಸು ಅಡ್ಡ ಬಂದಿರುತ್ತದೆ.